ನಿಮಗಿದು ಗೊತ್ತೇ? ಇಂಗ್ಲಿಷ್ ಕಲಿಸುವವರ ಪುಕ್ಕಟೆ ಬುತ್ತಿ

ಇಂಗ್ಲಿಷ್ ಮೇಷ್ಟ್ರ ಮೇಜಿನ ಮೇಲೆ ತಪ್ಪದೆ ಇರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಮೊದಲು ಅಚ್ಚಾದದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ! 1924ರಲ್ಲಿ ಅಲ್ಲಿಗೆ ಇಂಗ್ಲಿಷ್ ಕಲಿಸಲು ಹೋದ ಎ.ಎಸ್. ಹಾರ್ನ್‌ಬಿ, ಹುಡುಗರು ಎಲ್ಲಿ ಎಡವುತ್ತಾರೆ ಎಂದು ವರ್ಷಗಟ್ಟಲೆ ಗಮನಿಸಿ, ಇಬ್ಬರು ಸಹೋದ್ಯೋಗಿಗಳ ಜೊತೆ ಕೂತು ಸಿದ್ಧಪಡಿಸಿದ ಕೋಶವದು. ಟೋಕಿಯೊದಲ್ಲಿ ಅದು ಹೊರಬಂದದ್ದು 1942ರಲ್ಲಿ, ಆಕ್ಸ್‌ಫರ್ಡ್ ಹೆಸರಿನಲ್ಲಿ ಬಂದದ್ದು 1948ರಲ್ಲಿ. ಯಾವ ಕ್ರಿಯಾಪದದ ಮುಂದೆ ಏನು ಬರಬೇಕು, ಯಾವ ನಾಮಪದಕ್ಕೆ ಬಹುವಚನವಿಲ್ಲ ಎಂದು ಕಲಿಯುವವನ ಕಡೆಯಿಂದ ನೋಡಿ ಹೇಳುವ ಕ್ರಮಕ್ಕೆ ದಾರಿ ತೋರಿಸಿದವರಲ್ಲಿ ಹಾರ್ನ್‌ಬಿ ಪ್ರಮುಖರು. ಪುಸ್ತಕದ ಗೌರವಧನವನ್ನು ಮುಡಿಪಾಗಿಟ್ಟು 1961ರಲ್ಲಿ ಅವರು ಕಟ್ಟಿದ ಟ್ರಸ್ಟ್ ಇಂದಿಗೂ ನಾನಾ ದೇಶಗಳ ಇಂಗ್ಲಿಷ್ ಶಿಕ್ಷಕರಿಗೆ ವಿದ್ಯಾರ್ಥಿವೇತನ ಕೊಡುತ್ತಿದೆ. ಕೋಶವೂ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ; ಪ್ರತಿ ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿದರೆ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರ ಕೇಳಿಸುತ್ತವೆ.

ಅಂತರರಾಷ್ಟ್ರೀಯ ಧ್ವನಿ ಲಿಪಿಯನ್ನು ರೂಪಿಸಿದ ಸಂಘ 1886ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದಾಗ ಅದು ಭಾಷೆ ಕಲಿಸುವ ಮೇಷ್ಟ್ರುಗಳ ಕೂಟವಾಗಿತ್ತು. ಶಾಲೆಯ ಮಕ್ಕಳಿಗೆ ಉಚ್ಚಾರ ಹೇಳಿಕೊಡುವುದು ಹೇಗೆ ಎಂಬ ಚಿಂತೆಯೇ ಅದರ ಬೀಜ. ಬ್ರಿಟಿಷ್ ಇಂಗ್ಲಿಷಿಗೆ ಅಕ್ಷರ 26, ಧ್ವನಿ ಸುಮಾರು 44. ನಮ್ಮ ಮಕ್ಕಳ ತೊಡಕು ಎಲ್ಲಿದೆ ಎಂದು ಬಲ್ಲ ಶಿಕ್ಷಕರಿಗೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ‘ಎಗ್’ ಅನ್ನುವಲ್ಲಿ ‘ಯೆಗ್’, ‘ಓನ್ಲಿ’ ಅನ್ನುವಲ್ಲಿ ‘ವೋನ್ಲಿ’ ಎಂದು ಬರುವುದು ಹುಡುಗನ ಸೋಮಾರಿತನದಿಂದಲ್ಲ. ಪದದ ಮೊದಲಿಗೆ ‘ಎ’ ಬಂದರೆ ಯಕಾರ, ‘ಒ’ ಬಂದರೆ ವಕಾರ ಇಣುಕುವುದು ದ್ರಾವಿಡ ನಾಲಿಗೆಯ ಹಳೆಯ ರೂಢಿ. ಬೈಯುವ ಬದಲು ಯೂಗ್ಲಿಷ್ ಎಂಬ ತಾಣದಲ್ಲಿ ಆ ಪದ ಹಾಕಿ. ಯೂಟ್ಯೂಬಿನಲ್ಲಿ ಬೇರೆ ಬೇರೆ ಜನ ಅದನ್ನು ಮಾತಿನ ನಡುವೆ ಆಡಿದ ತುಣುಕುಗಳು ಒಂದರ ಹಿಂದೊಂದು ಬರುತ್ತವೆ.

ಬಿಬಿಸಿ ರೇಡಿಯೊದಲ್ಲಿ ಇಂಗ್ಲಿಷ್ ಪಾಠ ಶುರುಮಾಡಿದ್ದು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಅದೇ ಪರಂಪರೆಯ ಇಂದಿನ ಕುಡಿ. ವಾಯ್ಸ್ ಆಫ್ ಅಮೆರಿಕ 1959ರ ಅಕ್ಟೋಬರ್ 19ರಂದು ಆರಂಭಿಸಿದ ‘ಸ್ಪೆಷಲ್ ಇಂಗ್ಲಿಷ್’ಗೆ ಸುಮಾರು 1500 ಪದಗಳ ಕಟ್ಟುಪಾಡಿತ್ತು. ವಾಕ್ಯಗಳು ಗಿಡ್ಡ, ಓದುವ ವೇಗ ಮಾಮೂಲಿಗಿಂತ ಮೂರನೇ ಒಂದು ಭಾಗ ಕಡಿಮೆ.

ಈಗ ನಮ್ಮ ಮನೆಯ ವಿಷಯ. ಜಗತ್ತಿನ ಯಾವ ಮೂಲೆಯಲ್ಲಿ ಭಾಷಾ ಬೋಧನೆಯ ಪದವಿ ಓದಿದರೂ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಎದುರಾಗುತ್ತದೆ. ನಮ್ಮಲ್ಲೇ ಎಷ್ಟೋ ಜನ ಇಂಗ್ಲಿಷ್ ಶಿಕ್ಷಕರು ಅದನ್ನು ಕೇಳಿರುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮತ್ತಿತರ ಕಡೆಯ ಶಾಲೆಗಳಲ್ಲಿ ಎನ್.ಎಸ್. ಪ್ರಭು ಮತ್ತು ಸಂಗಡಿಗರು ಈ ಪ್ರಯೋಗ ನಡೆಸಿದರು. ವ್ಯಾಕರಣದ ಪಾಠಪಟ್ಟಿಯನ್ನೇ ಬದಿಗಿಟ್ಟು ತರಗತಿಗೆ ಹೋದರು. ರೈಲಿನ ವೇಳಾಪಟ್ಟಿ ಕೊಟ್ಟು, ಇಷ್ಟು ಹೊತ್ತಿಗೆ ಅಲ್ಲಿ ತಲುಪಬೇಕಾದರೆ ಯಾವ ಗಾಡಿ ಹತ್ತಬೇಕು ಎಂದು ಕೇಳುವುದು, ನಕ್ಷೆ ನೋಡಿ ದಾರಿ ಹೇಳಿಸುವುದು, ಇಂಥವೇ ಪಾಠ. ಮೊದಲು ಇಡೀ ತರಗತಿಯ ಜೊತೆ ಶಿಕ್ಷಕರು ಒಂದು ಲೆಕ್ಕವನ್ನು ಮಾತಾಡುತ್ತ ಬಿಡಿಸುವರು. ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಅಂಕ ಸಿಗುವುದು ಉತ್ತರ ಸರಿಯಾಯಿತೇ ಎಂಬುದಕ್ಕೆ, ಇಂಗ್ಲಿಷ್ ಚೊಕ್ಕಟವಾಗಿತ್ತೇ ಎಂಬುದಕ್ಕಲ್ಲ. ಮನಸ್ಸು ಅರ್ಥದ ಬೆನ್ನು ಹತ್ತಿರುವಾಗಲೇ ವ್ಯಾಕರಣ ಒಳಗೆ ಕೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಟಾಸ್ಕ್ ಆಧಾರಿತ ಬೋಧನೆ ಎಂದು ಇಂದು ಲೋಕವೆಲ್ಲ ಆಡುವ ವಿಧಾನದ ಬೇರುಗಳಲ್ಲಿ ಒಂದು ಇಲ್ಲಿದೆ. 1987ರಲ್ಲಿ ಬಂದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕದಲ್ಲಿ ಇದೆಲ್ಲ ವಿವರವಾಗಿದೆ. ಇಂಥ ಪಾಠಕ್ಕೆ ಪ್ರೊಜೆಕ್ಟರ್ ಬೇಡ, ಇಂಟರ್‌ನೆಟ್ಟೂ ಬೇಡ. ನಿಮ್ಮೂರ ಬಸ್ ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಫೋನಿನಲ್ಲಿ ಫೋಟೊ ತೆಗೆದು ಕಪ್ಪುಹಲಗೆಯ ಮೇಲೆ ಇಳಿಸಿದರೆ ನಾಳೆಯ ಪಾಠ ತಯಾರು.

1990ರಲ್ಲಿ ಪ್ರಭು ಬರೆದ ಲೇಖನವೊಂದು ಎಲ್ಲರಿಗೂ ಒಪ್ಪುವ ಏಕೈಕ ಶ್ರೇಷ್ಠ ವಿಧಾನ ಇದೆಯೇ ಎಂದು ಕೇಳಿ, ಇಲ್ಲವೆಂದು ವಾದಿಸಿತು. ಯಾವ ವಿಧಾನ ಎನ್ನುವುದಕ್ಕಿಂತ, ತಾನು ಮಾಡುತ್ತಿರುವುದು ಮಕ್ಕಳಿಗೆ ಹೇಗೆ ನಾಟುತ್ತದೆ ಎಂಬ ಬಗ್ಗೆ ಶಿಕ್ಷಕನಿಗೆ ಜೀವಂತ ನಂಬಿಕೆ ಇದೆಯೇ ಎಂಬುದು ಮುಖ್ಯ ಎಂದರು. ಆನ್‌ಲೈನ್ ತರಬೇತಿಗಳ ಮಹಾಪೂರದಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೋಚದಾಗ ನಾನು ಮತ್ತೆ ಮತ್ತೆ ನೆನೆಯುವುದು ಈ ಮಾತನ್ನು.

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದ್ದು 1963ರಲ್ಲಿ. ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರನ್ನು ಇಂಗ್ಲಿಷ್ ಬೋಧನೆಗೆ ತಯಾರು ಮಾಡುವುದೇ ಅದರ ಕೆಲಸ. ಅದಕ್ಕೂ ಮೊದಲು, 1958ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು! ಆ ಸಂಸ್ಥೆಯೇ 2007ರಲ್ಲಿ ಇಫ್ಲು ಎಂಬ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಬಿ.ಎಂ.ಶ್ರೀ., ಗೋಪಾಲಕೃಷ್ಣ ಅಡಿಗ, ಅನಂತಮೂರ್ತಿ, ಲಂಕೇಶ್, ಎ.ಕೆ. ರಾಮಾನುಜನ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಕನ್ನಡ ಬಲ್ಲವರು ಇಂಗ್ಲಿಷನ್ನು ಚೆನ್ನಾಗಿ ಕಲಿಸಲಾರರು ಎನ್ನುವವರಿಗೆ ಈ ಪಟ್ಟಿಯನ್ನು ತೋರಿಸಿ.

ಪಾಠದಲ್ಲಿ ಯಾವ ಪದ ಕಷ್ಟ, ಯಾವುದು ಸುಲಭ ಎಂದು ಊಹಿಸಬೇಕಾಗಿಲ್ಲ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದ ಮೈಕಲ್ ವೆಸ್ಟ್, ಬಂಗಾಳದ ಮಕ್ಕಳಿಗೆ ಯಾವ ಪದ ಮೊದಲು ಕಲಿಸಬೇಕು ಎಂದು ತಲೆ ಕೆಡಿಸಿಕೊಂಡವರು. 1953ರಲ್ಲಿ ಅವರ ಹೆಸರಿನಲ್ಲಿ ಬಂದ ಜನರಲ್ ಸರ್ವಿಸ್ ಲಿಸ್ಟ್‌ನಲ್ಲಿ ಸುಮಾರು 2000 ಪದಗಳಿದ್ದವು. ಅದರ ಹೊಸ ರೂಪ 2013ರಲ್ಲಿ ಬಂತು: ಸುಮಾರು 2800 ಪದ ಗೊತ್ತಿದ್ದರೆ ಸಾಮಾನ್ಯ ಇಂಗ್ಲಿಷ್ ಬರಹದ ಶೇ. 90ಕ್ಕೂ ಹೆಚ್ಚು ಭಾಗ ಕೈಗೆ ಸಿಕ್ಕಿದಂತೆ. ಪಟ್ಟಿ ಪುಕ್ಕಟೆ. ಕೆನಡಾದ ಟಾಮ್ ಕಾಬ್ ಕಟ್ಟಿದ ಲೆಕ್ಸ್‌ಟ್ಯೂಟರ್ ತಾಣದಲ್ಲಿ ನಿಮ್ಮ ಪಾಠದ ಒಂದು ಪುಟ ಅಂಟಿಸಿದರೆ, ಬಳಕೆಯ ಪದಗಳಿಗೆ ಒಂದು ಬಣ್ಣ, ಅಪರೂಪದವಕ್ಕೆ ಇನ್ನೊಂದು ಬಣ್ಣ ಬಳಿದು ತೋರಿಸುತ್ತದೆ. ಹದಿನೈದು ಪದ ಬೋರ್ಡಿನ ಮೇಲೆ ಬರೆಯುವ ಮುನ್ನ ಇದನ್ನೊಮ್ಮೆ ನೋಡಿ. ಮಕ್ಕಳಿಗೆ ಮುಂದೆಂದೂ ಎದುರಾಗದ ಪದಗಳಿಗೇ ನಾವು ಎಷ್ಟು ಹೊತ್ತು ಕೊಡುತ್ತೇವೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಸ್ಟಾಫ್‌ರೂಮಿನಲ್ಲಿ ಯಾವ ಪ್ರಯೋಗ ಸರಿ ಎಂಬ ವಾದ ಎದ್ದರೆ ಕಾರ್ಪಸ್ ಇದೆ, ಅಂದರೆ ಜನ ನಿಜವಾಗಿ ಬಳಸಿದ ಭಾಷೆಯ ದೊಡ್ಡ ಸಂಗ್ರಹ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದಗಳಷ್ಟು ಇಂಗ್ಲಿಷ್ ಇದೆ, ಮಾರ್ಕ್ ಡೇವಿಸ್ ಕಟ್ಟಿದ ಅಮೆರಿಕನ್ ಇಂಗ್ಲಿಷ್ ಕಾರ್ಪಸ್‌ನಲ್ಲಿ 100 ಕೋಟಿಗೂ ಹೆಚ್ಚು. ಯಾರು ಹಿರಿಯರೋ ಅವರ ಮಾತೇ ಸರಿ ಎನ್ನುವ ಬದಲು ಜನ ಹೇಗೆ ಬರೆದಿದ್ದಾರೆಂದು ನೋಡಬಹುದು.

ಕ್ವಿಜ್‌ಲೆಟ್ ಎಂಬ ಪದಾಭ್ಯಾಸದ ತಾಣವನ್ನು 2005ರಲ್ಲಿ ಬರೆದದ್ದು 15ರ ಹರೆಯದ ಶಾಲಾ ಹುಡುಗ, ತನ್ನ ಫ್ರೆಂಚ್ ಪರೀಕ್ಷೆಗಾಗಿ. ಅಭ್ಯಾಸ ಯಾವಾಗ ಎಂಬುದೂ ಮುಖ್ಯ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪರೀಕ್ಷೆ ಮಾಡಿ 1885ರಲ್ಲೇ ಪ್ರಕಟಿಸಿದ್ದರು. ಒಂದೇ ದಿನ ಹತ್ತು ಸಲ ಬರೆಸುವುದಕ್ಕಿಂತ ದಿನ ಬಿಟ್ಟು ದಿನ ನೆನಪಿಸುವುದು ಮೇಲು.

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕು. ಇದಕ್ಕೆ ಬಳಕೆಯಲ್ಲಿರುವ ದೀಕ್ಷಾ ವೇದಿಕೆ 2017ರ ಶಿಕ್ಷಕರ ದಿನದಂದು ಶುರುವಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವುದು ಇದೇ. ಇದರ ಅಡಿಗಲ್ಲಾದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್‌ನ ಕೊಡುಗೆ. ಐವತ್ತು ಗಂಟೆಯನ್ನು ವಿಡಿಯೊ ಓಡಲು ಬಿಟ್ಟು ಸರ್ಟಿಫಿಕೇಟ್ ಇಳಿಸಿಕೊಳ್ಳುವುದರಲ್ಲಿ ಕಳೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕ್ಲಸ್ಟರ್ ಸಂಪನ್ಮೂಲ ಕೇಂದ್ರದ (ಸಿಆರ್‌ಸಿ) ಸಮಾಲೋಚನಾ ಸಭೆಯಲ್ಲಿ ಇಬ್ಬರು ಟೀಚರುಗಳು ಒಂದೇ ಪಾಠವನ್ನು ತಾವು ಹೇಗೆ ಮಾಡಿದೆವೆಂದು ಹೇಳಿಕೊಂಡರೆ ಆಗುವ ಲಾಭವೇ ಬೇರೆ.

ಹಣ ಕೊಟ್ಟು ಆನ್‌ಲೈನ್ ಕೋರ್ಸ್ ಸೇರುವವರು ಒಂದು ಮಾತು ಕೇಳಿ. ಕೇಂಬ್ರಿಡ್ಜಿನ ಸೆಲ್ಟಾ ಕೋರ್ಸಿಗೆ ಕನಿಷ್ಠ 120 ಗಂಟೆ. ಅದರಲ್ಲಿ 6 ಗಂಟೆ ನಿಜವಾದ ಕಲಿಕಾರ್ಥಿಗಳ ಮುಂದೆ, ತರಬೇತುದಾರರು ಕೂತು ನೋಡುತ್ತಿರುವಾಗ, ಪಾಠ ಮಾಡಬೇಕು. ಅದೇ ‘120 ಗಂಟೆ’ ಎಂಬ ಅಂಕಿಯನ್ನು ದೊಡ್ಡಕ್ಷರದಲ್ಲಿ ಹಾಕಿಕೊಂಡು ಅಗ್ಗಕ್ಕೆ ಮಾರುವ ಎಷ್ಟೋ ಕೋರ್ಸುಗಳಲ್ಲಿ ಒಂದು ನಿಮಿಷದ ಬೋಧನೆಯೂ ಇರುವುದಿಲ್ಲ. ನನ್ನ ಪಾಠವನ್ನು ಯಾರು ನೋಡುತ್ತಾರೆ ಎಂದು ಮೊದಲು ವಿಚಾರಿಸಿ, ಆಮೇಲೆ ದುಡ್ಡು ಕಟ್ಟಿ.

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ? ಅಮೆರಿಕದ ಮೇರಿ ಬಡ್ ರೋ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ ಸಿಕ್ಕಿದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಗೊತ್ತಿಲ್ಲ ಎನ್ನುವವರು ಕಡಿಮೆಯಾದರು, ಬಾಯಿಬಿಡದ ಮಕ್ಕಳೂ ಮಾತಾಡಿದರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕಾದ ಐದನೇ ತರಗತಿಯ ಹುಡುಗಿಗೆ ಆ ಎರಡು ಸೆಕೆಂಡು ಎಷ್ಟು ದೊಡ್ಡದು! ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟು ಪಾಠ ಮಾಡಿ. ಮನೆಗೆ ಹೋಗಿ ಕೇಳಿದರೆ, ಯಾರ ಹೆಸರನ್ನು ಎಷ್ಟು ಸಲ ಕೂಗಿದಿರಿ, ಯಾರ ಬಾಯಿಂದ ಉತ್ತರ ಕಸಿದುಕೊಂಡಿರಿ ಎಲ್ಲವೂ ಗೊತ್ತಾಗುತ್ತದೆ.

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ 1980ರ ಹೊತ್ತಿಗೆ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯ್ ಹಳ್ಳಿ ಶಾಲೆಗಳ ತರಗತಿಗಳಿಗೆ ಚಿತ್ರಗಳಿರುವ ಸುಮಾರು 250 ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟರು. ಮಾಮೂಲಿ ಪಾಠ ಮಾಡಿದ ಮಕ್ಕಳಿಗಿಂತ ಕಥೆ ಓದಿದವರು ಓದುವುದರಲ್ಲಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಬೇಗ ಮುಂದೆ ಹೋದರು. ಎರಡನೇ ವರ್ಷ ಅದರ ಫಲ ಬರವಣಿಗೆಗೂ ಹಬ್ಬಿತು. ಅಷ್ಟು ಪುಸ್ತಕ ಕೊಳ್ಳಲು ನಮ್ಮ ಶಾಲೆಗಳಿಗೆ ಹಣ ಎಲ್ಲಿಂದ ಬರಬೇಕು ಎಂದಿರಾ? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸಾಕ್ಷರತಾ ದಿನದಂದು ತೆರೆದ ಸ್ಟೋರಿವೀವರ್‌ನಲ್ಲಿ ಸಾವಿರಾರು ಕಥೆಗಳಿವೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ, ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಲೇಖಕರ ಹೆಸರು ಉಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು, ಮಕ್ಕಳ ಮಟ್ಟಕ್ಕೆ ತಕ್ಕಂತೆ ಬದಲಿಸಿಯೂ ಬರೆಯಬಹುದು. ನಿಮ್ಮ ತರಗತಿಯ ಮಕ್ಕಳು ಕಟ್ಟಿದ ಕಥೆಯನ್ನೂ ಅಲ್ಲಿ ಏರಿಸಬಹುದು. ಖಾತೆ ತೆರೆಯಲು ಒಂದು ಇಮೇಲ್ ಇದ್ದರೆ ಸಾಕು.