ಹವಳಕ್ಕೆ ಬೇಕಾದ ಬಿಡುವು

ಕಪನೂರಿನಿಂದ ಕಡಲು ಬಹು ದೂರ. ತೊಗರಿ, ಜೋಳ, ಬೇಳೆ ಗಿರಣಿಗಳ ಈ ಸೀಮೆಯಲ್ಲಿ ಹವಳದ ದಿಬ್ಬಗಳ ವಿಚಾರವೇಕೆಂದು ವಾಚಕರು ಕೇಳಬಹುದು. ನಮ್ಮ ಮನೆಗಳಿಗೆ ಹಾಸಿದ ಶಹಾಬಾದದ ಕಲ್ಲು ಪುರಾತನ ಸಮುದ್ರದ ತಳದಲ್ಲಿ ನೆಲೆನಿಂತ ಸುಣ್ಣಗಲ್ಲೆಂಬುದು ಒಂದು ಉತ್ತರ. ಅದಕ್ಕಿಂತ ಹತ್ತಿರದ ಉತ್ತರವನ್ನು ನಮ್ಮ ರೈತನೇ ಕೊಡಬಲ್ಲನು. ಒಂದು ಬರಗಾಲವು ಅವನನ್ನು ಬಾಗಿಸುತ್ತದೆ. ಅದರ ಸಾಲ ತೀರುವ ಮುನ್ನವೇ ಬಂದ ಎರಡನೆಯ ಬರಗಾಲವು ಮುರಿದುಬಿಡುತ್ತದೆ. ಹವಳದ ಕಥೆಯೂ ಇದೇ ಆಗಿರುತ್ತದೆ.

ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಅಸಂಖ್ಯಾತ ಕಿರುಜೀವಿಗಳು ಸುಣ್ಣದ ಗೂಡುಗಳನ್ನು ಕಟ್ಟುತ್ತ ತಲೆಮಾರುಗಳ ಮೇಲೆ ತಲೆಮಾರುಗಳನ್ನು ಪೇರಿಸಿ ಈ ದಿಬ್ಬಗಳನ್ನು ಎಬ್ಬಿಸಿವೆ. ಅವುಗಳ ಮೈಯೊಳಗೆ ನೆಲಸಿದ ಸೂಕ್ಷ್ಮ ಪಾಚಿಯು ಸೂರ್ಯಪ್ರಕಾಶದಿಂದ ಆಹಾರವನ್ನು ಸಿದ್ಧಪಡಿಸಿ ಆಶ್ರಯದಾತನಿಗೆ ಉಣಿಸುತ್ತದೆ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತಿತೆಂದರೆ ಈ ಸ್ನೇಹವು ಕಡಿದುಹೋಗುತ್ತದೆ; ಪಾಚಿ ಹೊರಬಿದ್ದು ಹವಳವು ಬಿಳಿಚುತ್ತದೆ. ತಾಪವು ಬೇಗ ಇಳಿದರೆ ಅದು ಚೇತರಿಸಿಕೊಂಡೀತು. ಇಲ್ಲವಾದರೆ ಹಸಿವಿನಿಂದ ಸಾಯುವುದು.

ಉಪದ್ರವವೆಲ್ಲವೂ ಕೇಡೆಂದು ಮಾತ್ರ ಭಾವಿಸಲಾಗದು. ಬಿರುಗಾಳಿಯು ಬೇಗ ಬೆಳೆಯುವ ಕವಲು ಹವಳಗಳನ್ನು ಮುರಿದೊಗೆದಾಗ ಉಳಿದ ಜಾತಿಗಳಿಗೆ ಸ್ಥಳ ದೊರೆಯುತ್ತದೆ. ಉಪದ್ರವವು ತೀರ ವಿರಳವಾದರೆ ಬಲಿಷ್ಠ ಜಾತಿಯೊಂದೇ ಎಲ್ಲವನ್ನೂ ಆಕ್ರಮಿಸುವುದು, ತೀರ ಪದೇ ಪದೇ ಬಂದರೆ ಯಾವುದೂ ನಿಲ್ಲದು, ಮಧ್ಯಮವಾಗಿದ್ದಲ್ಲಿಯೇ ವೈವಿಧ್ಯವು ಹೆಚ್ಚು ಎಂದು ಜೋಸೆಫ್ ಕಾನೆಲ್ ಎಂಬ ವಿಜ್ಞಾನಿಯು 1978ರಲ್ಲಿ ಪ್ರತಿಪಾದಿಸಿದನು. ಆದಕಾರಣ ಪೆಟ್ಟು ಎಷ್ಟು ದೊಡ್ಡದೆಂಬುದರಷ್ಟೇ, ಎರಡು ಪೆಟ್ಟುಗಳ ನಡುವಣ ಅವಧಿ ಎಷ್ಟೆಂಬುದೂ ಮುಖ್ಯವಾಗಿದೆ.

ಈ ಅವಧಿಯೇ ಈಗ ಕುಗ್ಗುತ್ತಿದೆ. ತೀವ್ರ ಬಿಳಿಚುವಿಕೆಯು 1980ರ ಸುಮಾರಿಗೆ 25-30 ವರ್ಷಗಳಿಗೊಮ್ಮೆ ಬರುತ್ತಿದ್ದುದು, ಸುಮಾರು 6 ವರ್ಷಗಳಿಗೊಮ್ಮೆ ಬರತೊಡಗಿದೆಯೆಂದು ಜಗತ್ತಿನ 100 ಹವಳಪ್ರದೇಶಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು.

ನಮಗೆ ಸಮೀಪದ ನಿದರ್ಶನವು ಲಕ್ಷದ್ವೀಪ. ಅದರ ಅಮಿನಿದಿವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಮಂಗಳೂರಿನಿಂದಲೇ ಆಳಲ್ಪಡುತ್ತಿದ್ದುವೆಂಬುದನ್ನು ಕನ್ನಡಿಗರು ಮರೆಯಲಾಗದು. 1998, 2010 ಮತ್ತು 2016ರಲ್ಲಿ ಅಲ್ಲಿನ ಹವಳವು ತಾಪಕ್ಕೆ ಸಿಕ್ಕಿತು. ಮೈಸೂರಿನಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳನ್ನು ದೀರ್ಘಕಾಲ ಪರೀಕ್ಷಿಸಿರುವರು. 1998ರಲ್ಲಿ ಸುಮಾರು ಶೇಕಡಾ 37 ಇದ್ದ ಜೀವಂತ ಹವಳದ ಹೊದಿಕೆಯು 24 ವರ್ಷಗಳಲ್ಲಿ ಶೇಕಡಾ 19ಕ್ಕೆ ಇಳಿಯಿತು. ಪ್ರತಿಯೊಂದು ಹೊಸ ತಾಪದಲ್ಲಿ ಸತ್ತ ಹವಳದ ಪ್ರಮಾಣವು ಹಿಂದಿನದಕ್ಕಿಂತ ಕಡಿಮೆಯಾಯಿತು. ಆದರೂ ಚೇತರಿಕೆಯು ಮಂದವಾಗುತ್ತ ಹೋಯಿತು. ಸುಮಾರು 6 ವರ್ಷ ನಿರುಪದ್ರವವಾಗಿ ಕಳೆದ ಮೇಲೆಯೇ ಅದು ವೇಗಗೊಳ್ಳುತ್ತದೆಂದು ಅವರು ಕಂಡುಕೊಂಡರು. ಹೀಗಿರುವಾಗ 2024ರಲ್ಲಿ ಮತ್ತೆ ಕಡಲು ಕಾಯ್ದು ಹವಳವು ಬಿಳಿಚಿತು.

ಇದು ಚೆಲುವಿನ ಪ್ರಶ್ನೆ ಮಾತ್ರವಲ್ಲ. ಆ ದ್ವೀಪಗಳ ನೆಲವೇ ಹವಳದ ಪುಡಿ; ಅಲೆಗಳನ್ನು ತಡೆಯುವ ಕೋಟೆಯೂ ಹವಳವೇ. 2011ರ ಜನಗಣತಿಯಂತೆ 64 ಸಾವಿರಕ್ಕೂ ಮೇಲ್ಪಟ್ಟ ನಮ್ಮ ದೇಶಬಾಂಧವರ ಮನೆ, ಬಾವಿ, ತೆಂಗುಗಳು ಆ ಕೋಟೆಯ ಮರೆಯಲ್ಲಿವೆ.

ಕಡಲ ತಾಪವನ್ನು ಒಂದು ಕಚೇರಿಯ ಆಜ್ಞೆಯಿಂದ ಇಳಿಸಲಾಗದು. ಕಲ್ಲಿದ್ದಲು, ಎಣ್ಣೆಗಳ ಹೊಗೆಯನ್ನು ಸಮಸ್ತ ರಾಷ್ಟ್ರಗಳೂ ಕಡಿಮೆ ಮಾಡಬೇಕು. ಆದರೆ ಬರಬಿದ್ದ ವರ್ಷದಲ್ಲಿ ಕಂದಾಯಕ್ಕೆ ರೈತನನ್ನು ಹಿಂಡಬಾರದೆಂಬ ನೀತಿಯನ್ನು ನಮ್ಮ ಅಧಿಕಾರಿಗಳು ಬಲ್ಲರು. ಅದೇ ನೀತಿಯು ಇಲ್ಲಿಯೂ ಸಲ್ಲಬೇಕು. ದಿಬ್ಬ ಕಟ್ಟುವ ಹವಳಕ್ಕೆ 2001ರಲ್ಲಿ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆತಿದೆ. ಅದು ಕಾಗದದಲ್ಲಿ ಉಳಿದರೆ ಸಾಲದು. ಹೂಳೆತ್ತುವುದು, ಲಂಗರಿನಿಂದ ಹವಳವನ್ನು ಮುರಿಯುವುದು, ಕೊಳಚೆ ಬಿಡುವುದು, ಪಾಚಿಯನ್ನು ಮೇಯ್ದು ಎಳೆಯ ಹವಳಕ್ಕೆ ಎಡೆಮಾಡಿಕೊಡುವ ಗಿಳಿಮೀನುಗಳನ್ನು ಬರಿದುಮಾಡುವುದು, ಇವು ನಮ್ಮ ಕೈಯಲ್ಲಿರುವ ಉಪದ್ರವಗಳು. ನಿಸರ್ಗವು ಕೊಡುವ ಅಲ್ಪ ಬಿಡುವನ್ನು ನಾವೂ ಕಸಿದುಕೊಳ್ಳಬಾರದು. ಎರಡು ಬರಗಳ ನಡುವೆ ಒಂದು ಒಳ್ಳೆಯ ಬೆಳೆಯ ಬೆಲೆಯೇನೆಂಬುದನ್ನು ಕಲಬುರ್ಗಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ.