ಬ್ಯಾಟರಿಯಿಂದ ನಡೆಯುವ ಶೈತ್ಯಪೆಟ್ಟಿಗೆಯ ತೊಂದರೆಗಳೂ ಪರಿಹಾರಗಳೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಊರಿಗೆ ದೂರವಾದ ತೋಟದ ಮನೆಗಳಲ್ಲಿ ವಾಸಿಸುವ ಜಮೀನುದಾರರಿಗೆ, ಸೌರಫಲಕದಿಂದ ತುಂಬುವ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಣ್ಣ ಶೈತ್ಯಪೆಟ್ಟಿಗೆಯು ಬಹು ಉಪಯುಕ್ತವಾದುದು. ಹಾಲು ಕೆಟ್ಟರೆ ನಷ್ಟವು ಅಲ್ಪ. ಕಾಲುಬಾಯಿ ರೋಗದ ಲಸಿಕೆಯ ವಿಷಯ ಹಾಗಲ್ಲ. ಅದನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ಒಳಗೇ ಇಡತಕ್ಕದ್ದು. ಸತ್ವ ಹೋದ ಲಸಿಕೆಯು ನೋಟಕ್ಕೆ ಒಳ್ಳೆಯದರಂತೆಯೇ ಇರಬಹುದಾದಕಾರಣ, ಮೋಸವು ರೋಗ ಬಂದ ಮೇಲೆಯೇ ತಿಳಿಯುವುದು.

ಯಂತ್ರವು ತುಸು ಹೊತ್ತು ಓಡಿ ನಿಂತು, ಪುನಃ ಓಡಿ ನಿಲ್ಲುವುದೆಂಬ ದೂರು ಹೆಚ್ಚಾಗಿ ಕೇಳಿಬರುವುದುಂಟು. ಇದರಲ್ಲಿ ಪೆಟ್ಟಿಗೆಯ ದೋಷವು ವಿರಳ. ಬ್ಯಾಟರಿಯು ಪೂರ್ತಿ ಬರಿದಾಗಿ ಹಾಳಾಗದಂತೆ, ವೋಲ್ಟೇಜು ಗೊತ್ತಾದ ಮಟ್ಟಕ್ಕಿಂತ ಇಳಿದೊಡನೆ ಯಂತ್ರವು ತಾನಾಗಿಯೇ ನಿಲ್ಲುವ ಏರ್ಪಾಡಿರುತ್ತದೆ. ತಂತಿಯು ಸಣ್ಣದಾಗಿದ್ದರೆ, ಓಡುವಾಗ ತಂತಿಯಲ್ಲಿಯೇ ವೋಲ್ಟೇಜು ಸೋರಿ ಯಂತ್ರವು ನಿಲ್ಲುವುದು. ನಿಂತೊಡನೆ ಸೋರಿಕೆಯಿಲ್ಲದೆ ವೋಲ್ಟೇಜು ಏರಿ ಮತ್ತೆ ಹೊರಡುವುದು. ಬ್ಯಾಟರಿಗೂ ಪೆಟ್ಟಿಗೆಗೂ 10 ಮೀಟರ್ ಅಂತರವಿದ್ದು, 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಆಂಪೇರ್ ಹರಿದರೆ, ಹೋಗಿ ಬರುವ ದಾರಿಯಲ್ಲಿ ಸುಮಾರು 0.7 ವೋಲ್ಟ್ ಕಳೆಯುತ್ತದೆ. 10 ಚದರ ಮಿಲಿಮೀಟರಿನ ತಂತಿಯಲ್ಲಾದರೆ 0.2 ವೋಲ್ಟ್ ಸಹ ಕಳೆಯದು. ಆದುದರಿಂದ ಯಂತ್ರವು ಓಡುತ್ತಿರುವಾಗಲೇ ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ಪೆಟ್ಟಿಗೆಯ ತುದಿಗಳಲ್ಲಿ ಒಮ್ಮೆ ಅಳೆದು ನೋಡತಕ್ಕದ್ದು. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡಲ್ಲಿ ತಂತಿಯನ್ನೋ ಸಡಿಲವಾದ ಜೋಡಣೆಯನ್ನೋ ಸರಿಪಡಿಸಬೇಕು.

ಎರಡು ಕಡೆಯೂ ಸಮವಾಗಿ ಕಡಿಮೆಯಿದ್ದರೆ ದೋಷವು ಬ್ಯಾಟರಿಯದು, ಇಲ್ಲವೆ ಅದನ್ನು ತುಂಬುವ ಫಲಕದ್ದು. ಸೀಸ ಮತ್ತು ಆಮ್ಲದ ಬ್ಯಾಟರಿಯು ತುಂಬಿದ ಬಳಿಕ ಕೆಲವು ಗಂಟೆ ಸುಮ್ಮನಿದ್ದಾಗ 12.6 ವೋಲ್ಟಿನಷ್ಟು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುಪಾಲು ಬರಿದಾಗಿದೆಯೆಂದು ತಿಳಿಯತಕ್ಕದ್ದು. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಸಲ್ಲದು. ಕೋಶಗಳಲ್ಲಿ ನೀರು ಇಳಿದಿದ್ದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಕೊಳವೆಬಾವಿಯ ನೀರು ಎಳನೀರಿನಂತೆ ತಿಳಿಯಾಗಿ ಕಂಡರೂ, ಅದರಲ್ಲಿ ಕರಗಿರುವ ಲವಣಗಳು ಫಲಕಗಳನ್ನು ಕೆಡಿಸುವುವು.

ತೆಂಗಿನ ಸೀಮೆಗೆ ವಿಶೇಷವಾದ ತೊಂದರೆಯೆಂದರೆ ನೆರಳು. ಸೌರಫಲಕದ ಕೋಶಗಳು ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಲ್ಪಟ್ಟಿರುವುದರಿಂದ, ಒಂದೇ ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪತ್ತಿಯು ಬಹಳವಾಗಿ ಕುಗ್ಗುತ್ತದೆ. ಮನೆಯ ಮಾಳಿಗೆಗಿಂತ ಬಯಲಿನಲ್ಲಿರುವ ಕಣದ ಅಂಚೇ ಅನೇಕ ವೇಳೆ ಉತ್ತಮ ಸ್ಥಳ. ಬ್ಯಾಟರಿಯನ್ನು ಮಾತ್ರ ಕೊಬ್ಬರಿ ಅಟ್ಟದ ಕೋಣೆಯಲ್ಲಿ ಇಡಲೇಕೂಡದು. ತುಂಬುವಾಗ ಅದರಿಂದ ಹೊರಡುವ ಜಲಜನಕವು ಬೆಂಕಿ ಸೋಕಿದರೆ ಸಿಡಿಯುವುದು. ಒಣಗಿದ ಮಟ್ಟೆ ತುಂಬಿದ ಕೋಣೆಯಲ್ಲಿ ಮುಂದಿನದನ್ನು ಹೇಳಬೇಕಾಗಿಲ್ಲ. ಪೆಟ್ಟಿಗೆಗೂ ಆ ಸ್ಥಳ ತಕ್ಕುದಲ್ಲ, ನಾರಿನ ಪುಡಿಯು ಹಿಂಬದಿಯ ಕಿಂಡಿಗಳನ್ನು ಮುಚ್ಚಿ ಶಾಖವು ಹೊರಹೋಗದಂತೆ ಮಾಡುತ್ತದೆ.

ಶೈತ್ಯವು ಸಾಲದಾದರೆ ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ಕಾಗದದ ಚೂರನ್ನು ಸಿಕ್ಕಿಸಿ ಎಳೆದು ನೋಡುವುದು. ಸಲೀಸಾಗಿ ಬಂದರೆ ಪಟ್ಟಿಯು ಬಿಟ್ಟಿದೆ. ಒಳಗೆ ಕಟ್ಟಿದ ಹಿಮವನ್ನು ಕತ್ತಿಯಿಂದ ಕೆರೆಯದೆ, ಯಂತ್ರವನ್ನು ನಿಲ್ಲಿಸಿ ಕರಗಿಸತಕ್ಕದ್ದು. ಅತಿಶೈತ್ಯವೂ ಕೇಡೇ. ಹೆಪ್ಪುಗಟ್ಟಿದ ಕಾಲುಬಾಯಿ ಲಸಿಕೆಯನ್ನು ಕರಗಿದ ಮೇಲೂ ದನಗಳಿಗೆ ಹಾಕಕೂಡದು. ಆದಕಾರಣ ಒಳಗೆ ಒಂದು ಉಷ್ಣಮಾಪಕವನ್ನಿಟ್ಟು ಬೆಳಿಗ್ಗೆ ಸಂಜೆ ನೋಡಿ ಬರೆದಿಡಬೇಕು.

ವೋಲ್ಟೇಜು ಸರಿಯಾಗಿದ್ದು, ಯಂತ್ರವು ಬಿಡದೆ ಓಡಿಯೂ ತಣಿಯದಿದ್ದರೆ ಒಳಗಿನ ಅನಿಲವು ಸೋರಿರಬಹುದು. ಅದು ಬಲ್ಲ ಮೆಕ್ಯಾನಿಕರ ಕೆಲಸ. ಅವರು ಬರುವವರೆಗೆ ಲಸಿಕೆಯನ್ನು ಮಂಜುಗಡ್ಡೆಯಿರುವ ಥರ್ಮೋಕೋಲ್ ಡಬ್ಬಿಗೆ, ಮಂಜು ನೇರವಾಗಿ ತಾಗದಂತೆ ಕಾಗದ ಸುತ್ತಿ, ವರ್ಗಾಯಿಸತಕ್ಕದ್ದು.