ಪುಷ್ಯದ ಚಳಿಯಲ್ಲಿ ಬಾಳೆಮೀನಿನ ಬೆನ್ನು ಹತ್ತಿ

ಶಾಮನೂರಿನಿಂದ ಹರಿಹರಕ್ಕೆ ಬಹುದೂರವೇನೂ ಇಲ್ಲ. ಆದರೂ ಪುಷ್ಯಮಾಸದ ನಸುಕಿನಲ್ಲಿ ಕಿವಿಗೆ ಮಫ್ಲರು ಬಿಗಿದು ಮೊದಲ ಬಸ್ಸು ಹತ್ತಿದವನಿಗೆ ಆ ಹಾದಿಯೇ ಒಂದು ಯಾತ್ರೆಯಾಗಿ ತೋರುತ್ತದೆ. ಹರಿಹರೇಶ್ವರನ ದರ್ಶನಕ್ಕೆ ಹೊರಟವರ ನಡುವೆ ನಾನೊಬ್ಬನೇ ಬಾಳೆಮೀನಿನ ದರ್ಶನಕ್ಕೆ ಹೊರಟಿದ್ದೆ. ಹೆಗಲಲ್ಲಿ ಕ್ಯಾಮೆರಾ ತೂಗುತ್ತಿತ್ತು.

ಗಾಳ ಹಾಕುವ ವಿನೋದವು ಇಂಗ್ಲಿಷರು ತಂದದ್ದೆಂದು ನಗುವ ಗೆಳೆಯರು ನನಗುಂಟು. ಅವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ಬಿಚ್ಚಿ ನೋಡಿದವರಲ್ಲ. ಅದರಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಮೀನುಗಳ ಜಾತಿಗಳೇನು, ಯಾವುದಕ್ಕೆ ಯಾವ ತಿನಿಸು, ಗಾಳ ಬಿಡುವ ಬಗೆ ಎಂತು ಎಂಬುದನ್ನು ಅರಸನು ಬೇಸರವಿಲ್ಲದೆ ವಿವರಿಸಿದ್ದಾನೆ.

ದೊಡ್ಡ ಮೀನೆಂದೊಡನೆ ನಮ್ಮವರಿಗೆ ನೆನಪಾಗುವುದು ಕಾವೇರಿಯ ಮಹಶೀರ್. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಆ ಡುಬ್ಬದ ಮಹಶೀರಿನ ಕುಲವೇ ಇಂದು ಅಳಿವಿನ ಅಂಚಿಗೆ ಬಂದಿದೆ. ತುಂಗಭದ್ರೆಯ ಬಾಳೆಮೀನಿಗೆ ಅಂತಹ ಕೀರ್ತಿಯಿಲ್ಲ. ಹುರುಪೆಯಿಲ್ಲದ ನುಣುಪು ಮೈ, ಉದ್ದನೆಯ ಮೀಸೆ, ಕಣ್ಣಿನಾಚೆಯವರೆಗೂ ಸೀಳಿದ ಬಾಯಿ, ಅದರೊಳಗೆ ಸಾಲುಸಾಲಾಗಿ ಸೂಜಿಯಂತಹ ಹಲ್ಲು. ಇತರ ಮೀನುಗಳನ್ನು ನುಂಗಿಯೇ ಬದುಕುವ ಈ ಪ್ರಾಣಿ ಆಳೆತ್ತರಕ್ಕೆ ಸಮೀಪ ಬೆಳೆಯಬಲ್ಲುದು.

ತೆಪ್ಪದ ಅಂಬಿಗನು ಅರವತ್ತು ದಾಟಿದ ಮುದುಕ. ಊರಿನ ಗದ್ದಲವನ್ನು ಬಹಳ ಹಿಂದೆ ಬಿಟ್ಟು, ಒಂದು ಮಡುವಿನ ಮೇಲೆ ಹುಟ್ಟು ನಿಲ್ಲಿಸಿದ. ನೀರಿನಿಂದ ಹಬೆ ಏಳುತ್ತಿತ್ತು. ಮೀನಿನ ಮೈಗೆ ತನ್ನದೆಂಬ ಬಿಸುಪಿಲ್ಲ, ನೀರು ತಣ್ಣಗಾದಂತೆ ಅದರ ಹಸಿವೂ ಕುಗ್ಗುತ್ತದೆ; ಆದುದರಿಂದ ಚಳಿಯಲ್ಲಿ ಅದು ಅಲೆದಾಡದೆ ಆಳದಲ್ಲಿ ಬಿದ್ದಿರುತ್ತದೆ. ತಿನಿಸನ್ನು ಅದರ ಮೂಗಿನ ಬಳಿಗೇ ಒಯ್ಯಬೇಕು. ಮುದುಕ ಗಾಳಕ್ಕೆ ಸಣ್ಣ ಜೀವಂತ ಮೀನೊಂದನ್ನು ಸಿಕ್ಕಿಸಿ, ಗುಂಡು ಕಟ್ಟಿ ಇಳಿಬಿಟ್ಟ.

ಎರಡು ಗಂಟೆಗಳು ಕಳೆದವು. ನನ್ನ ಕಾಲು ಮರಗಟ್ಟಿ, ತುಸು ಕದಲಿದೆ.

“ಅಲ್ಲಾಡಬ್ಯಾಡ್ರಿ ಮೇಷ್ಟ್ರೆ, ತೆಪ್ಪ ತಿರಗತೈತಿ,” ಎಂದು ಗದರಿಸಿದ.

ಆತನ ಮಾತು ಬಿಟ್ಟೂ ಬಿಟ್ಟೂ ಬರುತ್ತಿತ್ತು. ಅವನ ತಂದೆ ಹಿಡಿದ ಬಾಳೆಯನ್ನು ಇಬ್ಬರು ಗಳಕ್ಕೆ ಕಟ್ಟಿ ಹೊರುತ್ತಿದ್ದರಂತೆ. ಈಗ ಸಣ್ಣ ಕಣ್ಣಿನ ಬಲೆಗಳು ಮರಿಗಳನ್ನೂ ಬಾಚುತ್ತವೆ. ಮೇಲೆ ಲಕ್ಕವಳ್ಳಿಯಲ್ಲಿ, ಕೆಳಗೆ ಹೊಸಪೇಟೆಯಲ್ಲಿ ಅಣೆಕಟ್ಟುಗಳಾದವು. 1980ರ ದಶಕದಲ್ಲಿ ಹೊಳೆಯ ನೀರು ಕೆಟ್ಟಿತೆಂದು ದಂಡೆಯ ಊರಿನವರು ಹೋರಾಟಕ್ಕೆ ಇಳಿದಾಗ ಆತನೂ ಅವರೊಡನೆ ಇದ್ದನಂತೆ. ಮೀನಿಲ್ಲದ ತಿಂಗಳುಗಳಲ್ಲಿ ಅವನ ಮನೆ ನಡೆದುದು ಹೆಂಡತಿಯ ಕೂಲಿಯಿಂದ.

ಅಷ್ಟರಲ್ಲಿ ದಾರ ಬಿಗಿಯಿತು. ತೆಪ್ಪ ಬುಗುರಿಯಂತೆ ಒಂದು ಸುತ್ತು ತಿರುಗಿತು. ಮುದುಕ ಎಳೆಯಲಿಲ್ಲ, ದಾರವನ್ನು ಬೆರಳ ಸಂದಿಯಲ್ಲಿ ಸಡಿಲಿಸುತ್ತ, ಮೀನು ನಡೆದತ್ತ ತೆಪ್ಪವನ್ನೇ ಹೋಗಗೊಟ್ಟ. ಬಂಡೆಯ ಬಳಿಗೆ ಸಾರಿದಾಗ ಮಾತ್ರ ಹುಟ್ಟನ್ನು ನನ್ನ ಕೈಗೆ ತುರುಕಿ, “ಹಾಕ್ರೀ!” ಎಂದು ಕೂಗಿದ. ಅಲ್ಲಿ ದಾರ ಉಜ್ಜಿದ್ದರೆ ಆ ದಿನದ ದುಡಿಮೆ ನೀರುಪಾಲು. ನಾನು ಹುಟ್ಟು ಹಾಕಿದ ಚೆಂದ ಬರೆಯುವಂತಹುದಲ್ಲ. ಅಂತೂ ಬೆಳ್ಳಿಯ ಪಟ್ಟಿಯಂತಹ ಮೈಯೊಂದು ಪಕ್ಕಕ್ಕೆ ಹೊರಳಿ ಮೇಲೆ ಬಂದಿತು.

ಛಾಯಾಚಿತ್ರ ತೆಗೆದು ಮೀನನ್ನು ಮರಳಿ ಬಿಡುವ ರೂಢಿ ವಿನೋದಕ್ಕೆ ಗಾಳ ಹಾಕುವವರಲ್ಲಿ ಉಂಟು. ಅದನ್ನು ಹೇಳಬೇಕೆಂದು ಬಾಯಿ ತೆರೆದವನು ಅವನ ನಡುಗುವ ಕೈಗಳನ್ನು ನೋಡಿ ಸುಮ್ಮನಾದೆ.

ದಂಡೆಯಲ್ಲಿ ಇಬ್ಬರು ಗಿರಾಕಿಗಳು ಆಗಲೇ ಕಾದಿದ್ದರು. ತಕ್ಕಡಿ ಏಳು ಕಿಲೋ ತೋರಿಸಿತು. “ಲಗೂನ ತಕ್ಕಳ್ರಿ ನಿಮ್ಮ ಪೋಟೋ,” ಎಂದ ಮುದುಕ, ಕತ್ತಿಯನ್ನು ಕಲ್ಲಿಗೆ ಮಸೆಯುತ್ತ. ಮೀನನ್ನು ಎತ್ತಿ ಹಿಡಿಯಹೋಗಿ ಬೆರಳಿಗೆ ಅದರ ಹಲ್ಲು ತಾಗಿತು. ಮುಯ್ಯೆಲ್ಲ ಮಾರಿದ ಮೇಲೆ ತಲೆಯೊಂದನ್ನು ಎಲೆಯಲ್ಲಿ ಸುತ್ತಿ, ಮನೆಗೆಂದು ತೆಪ್ಪದ ನೆರಳಿನಲ್ಲಿ ಇಟ್ಟುಕೊಂಡ.